ಸ್ವಿಚ್ಚಿನ ಪಕ್ಕ ಕೂತು ಕೇಳಿದ ಗಿಟಾರ್

ಹೋದ ವಾರ ಒಂದು ಬೆಳಿಗ್ಗೆ ಕಾಯಿಚಟ್ನಿ ರುಬ್ಬುತ್ತಿದ್ದಾಗ ನಮ್ಮ ಮಿಕ್ಸಿ ಗೊರಗೊರ ಎಂದು ನಿಂತುಹೋಯಿತು. ಹಿಂದೆಯೇ ವಾಸನೆ ಬಂತು. ಸುಟ್ಟ ವಾರ್ನಿಷ್, ಬಿಸಿಯಾದ ಧೂಳು, ಎಲ್ಲೋ ಒಂದು ಚೂರು ರಬ್ಬರು. ನೀವಾಗಿದ್ದರೆ ಪ್ಲಗ್ ಕಿತ್ತು, ಮಿಕ್ಸಿಗೆ ಎರಡು ಬೈದು, ದೋಸೆಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದಿರಿ. ನಾನು ಹಜಾರಕ್ಕೆ ಓಡಿ ಬಂದು "ಅಣ್ಣಾ!" ಎಂದು ಕೂಗಿದೆ. ಶೆಟ್ಟಿಹಳ್ಳಿಯ ಈ ಮನೆಯಲ್ಲಿ ಅಣ್ಣ ಇಲ್ಲ. ಅವನಿರುವುದು ಕುಣಿಗಲ್ಲಿನಲ್ಲಿ. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಸುಟ್ಟಿದ್ದು ಮಿಕ್ಸಿ ಕಣೇ, ನಿಮ್ಮಣ್ಣ ಅಲ್ಲ" ಎಂದರು.

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಹಿಂದಿನ ಸಂಜೆಯಷ್ಟೇ ಅಣ್ಣನ ಫೋನ್ ಬಂದಿತ್ತು. ಎದೆಬಡಿತ ತಪ್ಪುತ್ತಿದೆಯೆಂದು ಡಾಕ್ಟರು ಅವನ ಎಡ ಎದೆಯೊಳಗೆ ಪೇಸ್‌ಮೇಕರ್ ಇಟ್ಟು ಕೆಲವು ತಿಂಗಳಾಗಿವೆ. ಬೆಂಕಿಪೊಟ್ಟಣದಷ್ಟಿರಬಹುದು, ಬ್ಯಾಟರಿಯಲ್ಲಿ ನಡೆಯುತ್ತದೆ. "ನನ್ ಗಿಟಾರ್ ತಂದ್ಕೊಡೇ ಪುಟ್ಟಿ" ಎಂದ. ನಾನು "ನೋಡೋಣ ಬಿಡು" ಎಂದೆ. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅದು ಅವನಿಗೂ ಗೊತ್ತಿದ್ದರಿಂದ ಫೋನಿಟ್ಟ.

ಗಿಟಾರ್ ನನ್ನ ಮನೆಯಲ್ಲೇ, ಬೀರುವಿನ ಹಿಂದೆ ನಿಂತಿತ್ತು. ಆಪರೇಷನ್ ಆಗಿ ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅತ್ತಿಗೆಯೇ ಅದನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ನಮ್ಮ ಕಾರಿನಲ್ಲಿಟ್ಟು, "ಕರೆಂಟಿನ ಸಾಮಾನು, ಇವ್ರ ಕಣ್ಣಿಗೆ ಬೀಳೋದ್ ಬೇಡ, ನಿಮ್ಮನೇಲೇ ಇರ್ಲಿ" ಎಂದಿದ್ದರು. ನಾನೂ ತಂದಿಟ್ಟುಕೊಂಡೆ. ಈ ಭಯ ನನಗೆ ಹೊಸದಲ್ಲ. ಬೇರೆ ಹೆಣ್ಣುಮಕ್ಕಳಿಗೆ ತಾಯಿಯಿಂದ ಓಲೆ, ಬಳೆ ಬರುತ್ತವೆ. ನನಗೆ ಬಂದದ್ದು ಅಣ್ಣನ ಗಿಟಾರಿನ ಭಯ.

ಆಗ ನಾವು ಗುಬ್ಬಿಯಲ್ಲಿದ್ದೆವು. ಪೇಟೆಯಲ್ಲಿ ಅಪ್ಪನ ಜವಳಿ ಅಂಗಡಿ, ಅದರ ಹಿಂದೆಯೇ ನಮ್ಮ ಹಂಚಿನ ಮನೆ. ಅಣ್ಣ ತುಮಕೂರಿಗೆ ಐಟಿಐ ಓದಲು ಹೋಗಿ ಬರುತ್ತಿದ್ದ. ಹೋಗುವಾಗ ಊಟದ ಡಬ್ಬಿ ಒಯ್ಯುತ್ತಿದ್ದವನು ಬರುವಾಗ ಅದೇ ಡಬ್ಬಿಯಲ್ಲಿ ಕ್ಯಾಸೆಟ್ ತರುತ್ತಿದ್ದ. ಯಾರೋ ಯಾರಿಂದಲೋ ನಕಲು ಮಾಡಿ, ಅದರಿಂದ ಇನ್ಯಾರೋ ನಕಲು ಮಾಡಿದ ಕ್ಯಾಸೆಟ್ಟುಗಳು. ಹಾಡಿಗಿಂತ ಮುಂಚೆ ಸುರ್ರೆಂದು ಒಗ್ಗರಣೆಯ ಸದ್ದು ಕೇಳುತ್ತಿತ್ತು. ಬೀದಿಯಲ್ಲಿ ಎಲ್ಲರ ಮನೆಯ ರೇಡಿಯೋದಲ್ಲೂ ಚಿತ್ರಗೀತೆ, ನಮ್ಮ ಮನೆಯಲ್ಲಿ ಮಾತ್ರ ಯಾವುದೋ ದೇಶದ ಉದ್ದಕೂದಲಿನವರ ಆರ್ಭಟ. ಅಣ್ಣ ತನ್ನ ಟ್ರಂಕಿನ ಮುಚ್ಚಳದ ಒಳಗೆ ದೇವರಪಟಗಳ ಹಾಗೆ ಗಿಟಾರುಗಳ ಚಿತ್ರ ಅಂಟಿಸಿದ್ದ. ಜೇನಿನ ಬಣ್ಣದ ದಪ್ಪ ಮೈಯಿನದೊಂದು, ಬಾಣದ ತುದಿಯಂಥದೊಂದು, ಎರಡು ಕೊಂಬಿನ ಬಿಳಿಯದೊಂದು. ಆ ಬಿಳಿಯದರ ಮೇಲೆ ಅವನಿಗೆ ಪ್ರಾಣ. ಅದರ ತಂತಿಯನ್ನು ಜಗ್ಗಿದರೆ ಸ್ವರ ಎಷ್ಟು ಮೇಲಕ್ಕೆ ಏರುತ್ತದೆ, ಯಾವ ಹಾಡಿನಲ್ಲಿ ಅದು ಎಲ್ಲಿ ಬರುತ್ತದೆ ಎಂದು ನನ್ನನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ನಾನು ಜಡೆಯ ತುದಿ ಕಚ್ಚುತ್ತಾ ತಲೆಯಾಡಿಸುತ್ತಿದ್ದೆ.

ಅವನ ಕೈಗೆ ಸಿಕ್ಕಿದ್ದು ಬಿಳಿಯದಲ್ಲ, ಕಲ್ಕತ್ತದ ಕಡೆ ತಯಾರಾದ, ಅಂಚು ಸವೆದ ಒಂದು ಕೆಂಪು ಗಿಟಾರ್. ತುಮಕೂರಿನ ಆರ್ಕೆಸ್ಟ್ರಾದವರೊಬ್ಬರು ಕೀಬೋರ್ಡಿಗೆ ಬದಲಾಯಿಸಿಕೊಂಡು ಅದನ್ನು ಇವನಿಗೆ ದಾಟಿಸಿದ್ದರು. ಜೊತೆಗೆ ರೇಡಿಯೋ ರಿಪೇರಿಯವರು ಕಟ್ಟಿಕೊಟ್ಟ ಒಂದು ಆಂಪ್ಲಿಫೈಯರ್. ಗಿಟಾರನ್ನು ಮೊದಲ ಸಲ ನೋಡಿದ ಅಪ್ಪ ಅದನ್ನು ಪಕ್ಕದಿಂದ, ಹಿಂದಿನಿಂದ ತಿರುಗಿಸಿ ನೋಡಿ, "ಇದಕ್ಕೆ ಹೊಟ್ಟೆನೇ ಇಲ್ವಲ್ಲೋ, ಸದ್ದು ಎಲ್ಲಿಂದ ಬರ್ತದೆ?" ಎಂದರು.

"ಕರೆಂಟಿಂದ ಕಣಪ್ಪ" ಎಂದ ಅಣ್ಣ, ಹೆಮ್ಮೆಯಿಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಹಿಂದಿನ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲೇ ಬಟ್ಟೆ ಒಣಹಾಕುವ ತಂತಿಗೆ ಕರೆಂಟು ಇಳಿದು ಹೆಂಗಸೊಬ್ಬಳು ನಿಂತ ಹಾಗೇ ಹೋಗಿಬಿಟ್ಟಿದ್ದಳು. ಅಮ್ಮ ಗಿಟಾರಿನ ತಂತಿಗಳನ್ನು ನೋಡಿದಳು. ಅವು ಹೋಗಿ ಸೇರುವ ವೈರು ನೋಡಿದಳು. ಆ ವೈರು ಹೋಗಿ ಸೇರುವ ಗೋಡೆಯ ಪ್ಲಗ್ಗು ನೋಡಿದಳು. ಅದು ಎರಡೇ ತೂತಿನ ಹಳೆಯ ಪ್ಲಗ್ಗು, ಅರ್ಥಿಂಗ್ ಎಂಬುದೇ ಆ ಮನೆಗೆ ಇರಲಿಲ್ಲ. ಅಮ್ಮ ಓದಿದವಳಲ್ಲ, ಆದರೆ ಅವಳ ಹೆದರಿಕೆಗೆ ಆಧಾರವಿತ್ತು. ಬಾರಿಸುವಾಗ ಬೆರಳ ತುದಿಗೆ ಜುಮ್ ಎನ್ನುತ್ತದೆಂದು ಅಣ್ಣನೇ ನನ್ನ ಬಳಿ ಒಪ್ಪಿಕೊಂಡಿದ್ದ.

ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಶುರುವಾಯಿತು. ಅಣ್ಣ ಹವಾಯಿ ಚಪ್ಪಲಿ ಹಾಕಿಕೊಂಡು ಊಟದ ಮಣೆಯ ಮೇಲೆ ನಿಂತು ಬಾರಿಸಬೇಕು. ನಾನು ಮುದ್ದೆ ತಿರುವುವ ಕೋಲು ಹಿಡಿದು ಸ್ವಿಚ್ಚಿನ ಪಕ್ಕ ಕೂರಬೇಕು. "ಅವ್ನು ವಿಲವಿಲ ಅಂದ್ರೆ ಸ್ವಿಚ್ ಆರ್ಸು. ಆರ್ಸಕ್ಕಾಗ್ನಿಲ್ಲ ಅಂದ್ರೆ ಕೋಲಲ್ಲಿ ಕೈಗೆ ಹೊಡಿ. ಮುಟ್ಬ್ಯಾಡ, ಮುಟ್ಟಿದ್ರೆ ನೀನೂ ಹೋಗ್ತೀಯ" ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅಪ್ಪ ಸಂಜೆಯ ಲಿಂಗಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಅಂಗಡಿಗೆ ಹೊರಟ ಮೇಲೆ ನಮ್ಮ ಕಾರ್ಯಕ್ರಮ ಶುರು.

ಇಲ್ಲೊಂದು ತೊಡಕಿತ್ತು, ನೀವೇ ಯೋಚಿಸಿ. ಈ ಸಂಗೀತ ಬಾರಿಸುವವರು ಸುಮ್ಮನೆ ಬಾರಿಸುವುದಿಲ್ಲ. ಕಣ್ಣು ಮುಚ್ಚುತ್ತಾರೆ, ಹಲ್ಲು ಕಚ್ಚುತ್ತಾರೆ, ಕತ್ತು ಹಿಂದಕ್ಕೆ ಎಸೆದು ಮೈಯೆಲ್ಲ ನಡುಗಿಸುತ್ತಾರೆ. ಷಾಕ್ ಹೊಡೆಸಿಕೊಂಡವರು ಮಾಡುವುದೂ ಅದನ್ನೇ. ಇದು ಹಾಡೋ, ಸಾವೋ ಎಂದು ಲಂಗದ ಹುಡುಗಿ ಹೇಗೆ ಹೇಳಬೇಕು? ಒಂದು ಸಂಜೆ ಅಣ್ಣ ಒಂದೇ ತಂತಿಯನ್ನು ಜಗ್ಗಿ ಹಿಡಿದು ಬಿಡದೇ ನಡುಗುತ್ತಿದ್ದಾಗ ನಾನು ಅವನ ಮುಂಗೈ ಮೇಲೆ ಕೋಲಿನಿಂದ ಬಾರಿಸಿಯೇಬಿಟ್ಟೆ. "ಲೇ, ಬದುಕಿದೀನಿ ಕಣೇ!" ಎಂದು ಅವನು ಕೈ ಉಜ್ಜಿಕೊಳ್ಳುತ್ತಾ ಕುಣಿದ. ಅಮ್ಮ ನನಗೆ ಒಂದು ಚೂರು ಬೆಲ್ಲ ಕೊಟ್ಟಳು.

ಆಮೇಲೆ ನಾನೊಂದು ಉಪಾಯ ಕಂಡುಕೊಂಡೆ. ಆ ಆಂಪ್ಲಿಫೈಯರಿನಿಂದ ಸದಾ ಗುಂಯ್ ಎಂದು ಸದ್ದು ಬರುತ್ತಿತ್ತು. ಅಣ್ಣನ ಕೈ ತಂತಿಯ ಮೇಲಿದ್ದರೆ ಅದು ತಗ್ಗುತ್ತಿತ್ತು, ತೆಗೆದರೆ ಏರುತ್ತಿತ್ತು. ಅದು ಏರುತ್ತಾ ಇಳಿಯುತ್ತಾ ಇದ್ದರೆ ಅವನ ಕೈ ಆಡುತ್ತಿದೆ, ಬದುಕಿದ್ದಾನೆ ಎಂದರ್ಥ. ಹಾಡು ಹಾಡಿನ ಪಾಡಿಗಿರಲಿ ಎಂದು ನಾನು ಗುಂಯ್ ಎನ್ನುವುದನ್ನೇ ಕೇಳುತ್ತಾ ಕೂರುತ್ತಿದ್ದೆ. ಹೀಗಾಗಿ ಈಗ ನನ್ನ ವಾರಗೆಯವರು ಆ ಕಾಲದ ಬ್ಯಾಂಡುಗಳ ಬಗ್ಗೆ ಕಣ್ಣರಳಿಸಿ ಮಾತಾಡುವಾಗ ನಾನು ಬೆಪ್ಪಿಯಂತೆ ಕೂತಿರುತ್ತೇನೆ. ಅವರೆಲ್ಲ ಕೇಳಿ ಬೆಳೆದ ಸಂಗೀತವನ್ನು ನಾನು ಕಾದು ಬೆಳೆದೆ.

ಆ ಭಯ ಮನೆಯ ಗೋಡೆ ದಾಟಿ ಊರಿಗೆಲ್ಲ ಗೊತ್ತಾದದ್ದು ಮಠದಲ್ಲಿ. ನಮ್ಮ ಮನೆಯವರು ನಡೆದುಕೊಳ್ಳುತ್ತಿದ್ದ ಮಠವೊಂದರಲ್ಲಿ ಹುಡುಗರಿಂದ ಸಂಗೀತ ಏರ್ಪಾಡಾಗಿತ್ತು. ಮೊದಲು ವಚನ ಬಾರಿಸಬೇಕು, ಆಮೇಲೆ ತನ್ನದೊಂದು ಬಾರಿಸಬಹುದು ಎಂದು ಅಣ್ಣನಿಗೆ ಅಪ್ಪ ಒಪ್ಪಂದ ಮಾಡಿಸಿದ್ದರು. ಅಣ್ಣ ಗಿಟಾರ್ ನೇತುಹಾಕಿಕೊಂಡು ವೇದಿಕೆಗೆ ಹೊರಟಾಗ ಹಿರಿಯರೊಬ್ಬರು ಮೆಲ್ಲಗೆ, "ಚಪ್ಪಲಿ ಆಚೆ ಬಿಡಪ್ಪ" ಎಂದರು. ತಪ್ಪೇನಿಲ್ಲ, ಮಠದೊಳಗೆ ಯಾರು ತಾನೆ ಚಪ್ಪಲಿ ಹಾಕುತ್ತಾರೆ? ಸ್ವಾಮಿಗಳು ಬರುತ್ತಾರೆಂದು ಕಲ್ಲುಹಾಸಿನ ವೇದಿಕೆಯನ್ನು ಆಗತಾನೇ ನೀರು ಹೊಯ್ದು ತೊಳೆದಿದ್ದರು. ಅಣ್ಣ ಬರಿಗಾಲಲ್ಲಿ ಆ ಒದ್ದೆಯ ಮೇಲೆ ನಿಂತ. ಪಕ್ಕದಲ್ಲಿ ಅಮ್ಮ ನನ್ನ ತೊಡೆಯನ್ನು ಹಿಡಿದ ಹಿಡಿತ ಇನ್ನೂ ನೆನಪಿದೆ.

ವಚನ ಹೇಗೋ ಕಳೆಯಿತು. ಮುಂದಿನದರ ಹೆಸರು ಹೇಳಿ ಶುರುಮಾಡೋಣವೆಂದು ಅಣ್ಣ ಮೈಕಿನ ಹತ್ತಿರ ಬಾಯಿ ತಂದ. ತುಟಿಗೂ ಮೈಕಿಗೂ ನಡುವೆ ನೀಲಿ ಕಿಡಿ ಹಾರಿತು. ಅವನು ಹಾ ಎಂದು ಹಿಂದಕ್ಕೆ ಜಿಗಿದ. ಹೊಸ ಸ್ಟೈಲ್ ಇರಬೇಕೆಂದುಕೊಂಡು ಮುಂದಿನ ಸಾಲಿನ ಹುಡುಗರು ಚಪ್ಪಾಳೆ ಹೊಡೆದರು. ನಾನು ತಿರುಗಿ ನೋಡಿದರೆ ಪಕ್ಕದಲ್ಲಿ ಅಮ್ಮ ಇರಲಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿನ ಜೊತೆ ಕೈಚೀಲದಲ್ಲಿ ಮುದ್ದೆಕೋಲನ್ನೂ ತಂದಿದ್ದಳು ಎಂಬುದು ನನಗೇ ಗೊತ್ತಿರಲಿಲ್ಲ. ಸೆರಗು ಸಿಕ್ಕಿಸಿ, ವೇದಿಕೆ ಹತ್ತಿ, ಗಿಟಾರಿಗೆ ಸಿಕ್ಕಿಸಿದ್ದ ವೈರಿಗೆ ಒಂದು ಏಟು ಹಾಕಿದಳು. ವೈರು ಕಿತ್ತು ಬಂತು. ಸ್ಪೀಕರುಗಳು ಢಬ್ ಎಂದವು.

ಸ್ವಾಮಿಗಳು ಕೇಳಿದರು: "ಏನ್ ತಾಯಿ, ಮಗನ್ನ ಯಾಕೆ ಹೊಡಿಯಕ್ ಬಂದೆ?"

"ಹೊಡಿಯಕ್ಕಲ್ಲ ಬುದ್ಧಿ, ಬುಡ್ಸಕ್ ಬಂದೆ. ಬರಿಗಾಲಲ್ಲಿ ನಿಂತವ್ನೆ, ನೆಲ ಒದ್ದೆ ಐತೆ, ಆ ತಂತೀಲಿ ಕರೆಂಟ್ ಐತೆ" ಎಂದು ಅಮ್ಮ ಅಳುವುದಕ್ಕೇ ಶುರುಮಾಡಿದಳು.

ಸ್ವಾಮಿಗಳು ನಗಲಿಲ್ಲ. ಸ್ವಲ್ಪ ಯೋಚಿಸಿ, "ಚಪ್ಪಲಿ ಬ್ಯಾಡ. ದಾಸೋಹದ ಮನೆಯಿಂದ ಒಣಗಿರೋ ಮಣೆ ತನ್ರಪ್ಪ, ಅದರ ಮೇಲೆ ನಿಂತ್ಕಳ್ಳಿ. ಮೈಕಿನ ಹತ್ರ ಬಾಯಿ ಒಯ್ಯೋದ್ ಬ್ಯಾಡ" ಎಂದರು. ಅಣ್ಣ ದೊಡ್ಡ ಮಣೆಯ ಮೇಲೆ ಹಸೆಗೆ ಬಂದ ಮದುಮಗನ ಹಾಗೆ ನಿಂತು, ನಾಚಿಕೆಯಿಂದ ಕಿವಿ ಕೆಂಪಾಗಿಸಿಕೊಂಡು ತನ್ನ ಪ್ರೀತಿಯದನ್ನು ಬಾರಿಸಿದ. ಮಾತಿಲ್ಲದ, ಬರೀ ಗಿಟಾರಿನ ಉದ್ದನೆಯ ಭಾಗ. ನನ್ನ ಪಕ್ಕದ ಮುದುಕಿ, "ಯಾರನ್ನೋ ಕೂಗ್ದಂಗೈತೆ ಕಣವ್ವ" ಎಂದು ಕಣ್ಣೊರೆಸಿಕೊಂಡಳು. ನಾನು ಮಾತ್ರ ಅಣ್ಣನ ಪಾದಗಳನ್ನೇ ನೋಡುತ್ತಿದ್ದೆ, ಎಲ್ಲಿ ಹೆಬ್ಬೆರಳು ಮಣೆಯಿಂದಾಚೆ ಜಾರುತ್ತದೋ ಎಂದು.

ಅಣ್ಣನಿಗೆ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು, ಮದುವೆಯಾಯಿತು, ರಿಟೈರ್ ಆದ ಮೇಲೆ ಅತ್ತಿಗೆಯ ಊರು ಕುಣಿಗಲ್ಲಿಗೆ ಹೋದ. ಗಿಟಾರ್ ಕೂಡ ಜೊತೆಗೇ ಹೋಯಿತು. ಅಮ್ಮ ಕೊನೆಕೊನೆಗೆ ಯಾರನ್ನೂ ಗುರುತು ಹಿಡಿಯದಿದ್ದಾಗಲೂ ನನ್ನ ಕಡೆ ತಿರುಗಿ, "ಆರ್ಸಿದ್ಯಾ?" ಎಂದು ಕೇಳುತ್ತಿದ್ದಳು. ಆರ್ಸಿದೆ ಕಣಮ್ಮ ಎಂದರೆ ಕಣ್ಣು ಮುಚ್ಚುತ್ತಿದ್ದಳು.

ಮಿಕ್ಸಿ ಸುಟ್ಟ ಆ ದಿನ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ಅವರ ದನಿ ಬದಲಾಗಿತ್ತು. "ಊಟ ಸೇರ್ತಿಲ್ಲ, ಮಾತಿಲ್ಲ. ಮಂಚದ ಪಟ್ಟಿ ಮೇಲೆ ಬೆರಳು ಆಡಿಸ್ತಾ ಗೋಡೆ ನೋಡ್ಕೊಂಡ್ ಕೂತಿರ್ತಾರೆ. ಕೊಟ್ರೆ ಏನಾಗುತ್ತೋ ಅಂತ ನಂಗ್ ಭಯ. ಕೊಡ್ದೆ ಹೋದ್ರೆ ಹಿಂಗೇ ಹೋಗ್ಬಿಡ್ತಾರೇನೋ ಅಂತ ಅದಕ್ಕಿಂತ ಭಯ."

ನಾನು ಡಾಕ್ಟರನ್ನು ಕೇಳಿದೆ. ಗಾಯ ಚೆನ್ನಾಗಿ ಮಾಗಿದೆ, ಕೂತು ತೊಡೆಯ ಮೇಲಿಟ್ಟು ಬಾರಿಸಲಿ, ಎದೆಗೆ ಒತ್ತಿಕೊಳ್ಳುವುದು ಬೇಡ, ಗಿಟಾರಿನ ಪಟ್ಟಿಯನ್ನು ಎಡಭುಜಕ್ಕೆ ಹಾಕುವುದು ಬೇಡ, ಮನೆಯ ಅರ್ಥಿಂಗ್ ಸರಿಯಿರಲಿ ಎಂದರು. ನನಗೆ ನಂಬಿಕೆ ಬರಲಿಲ್ಲ. ಮತ್ತೆ ಕೇಳಿದೆ. ಮಾರನೆಯ ದಿನ ಹೋಗಿ ಇನ್ನೊಮ್ಮೆ ಕೇಳಿದೆ. "ಅಮ್ಮಾ, ನಿಮ್ ಬಿಪಿ ಒಂದ್ಸಲ ನೋಡ್ಲಾ?" ಎಂದರು ಅವರು. ಕುಣಿಗಲ್ಲಿನ ಮನೆಗೆ ಎಲೆಕ್ಟ್ರಿಷಿಯನ್ ಕಳಿಸಿ ಅರ್ಥಿಂಗ್ ನೋಡಿಸಿದೆ, ಅವನು ಸರಿಯಿದೆ ಎಂದ ಮೇಲೆ ಇನ್ನೊಬ್ಬನನ್ನೂ ಕಳಿಸಿದೆ. ಮೂರು ಪಿನ್ನಿನ ಹೊಸ ಪುಟ್ಟ ಆಂಪ್ಲಿಫೈಯರ್ ತೆಗೆದುಕೊಂಡೆ. ನಿನ್ನೆ ಬೆಳಿಗ್ಗೆ ಗಿಟಾರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿದಾಗ ನಮ್ಮ ಯಜಮಾನರು ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿದರು, ಅಷ್ಟೇ. ಅಷ್ಟು ಹೊತ್ತಿಗೆ ಅವರಿಗೂ ನಗು ಬತ್ತಿಹೋಗಿತ್ತು.

ಕುಣಿಗಲ್ಲಿನಲ್ಲಿ ಅಣ್ಣ ಎಷ್ಟು ಇಳಿದುಹೋಗಿದ್ದ ಎಂದರೆ ಗಿಟಾರೇ ಅವನಿಗಿಂತ ತೂಕವಾಗಿ ಕಂಡಿತು. ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡ. ತಂತಿ ಬಿಗಿದು, ಶ್ರುತಿ ಮಾಡಿ, ನನ್ನ ಮುಖ ನೋಡಿದ. "ಉಸ್ರಾಡೇ ಪುಟ್ಟಿ" ಎಂದ. ಅತ್ತಿಗೆ ಬಾಗಿಲ ಹತ್ತಿರ ನಿಂತಿದ್ದರು. ಅವನು ಬಾರಿಸತೊಡಗಿದ, ಮೆತ್ತಗೆ, ನಡುವೆ ತಡವರಿಸುತ್ತಾ.

ಈ ಹೊಸ ಆಂಪ್ಲಿಫೈಯರಿನಲ್ಲಿ ಗುಂಯ್ ಎಂಬುದೇ ಇಲ್ಲ. ಕಿವಿಗೆ ಹಿಡಿದುಕೊಳ್ಳಲು ಅಣ್ಣ ಬಾರಿಸುವುದನ್ನು ಬಿಟ್ಟು ಬೇರೇನೂ ಇರಲಿಲ್ಲ. ಹಾಗಾಗಿ ಅದನ್ನೇ ಹಿಡಿದುಕೊಂಡೆ. ಮಠದಲ್ಲಿ ಬಾರಿಸಿದ್ದೇ ಅದು. ಏರಿತು, ಇನ್ನೇನು ತುದಿಗೆ ಹೋಗಬೇಕು, ಅಲ್ಲಿ ನಿಂತುಬಿಟ್ಟಿತು. ಅಣ್ಣನ ಕಣ್ಣು ಮುಚ್ಚಿತ್ತು. ಬೆರಳು ಅಲುಗುತ್ತಿರಲಿಲ್ಲ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ.

"ಅಣ್ಣಾ?"

"ಮರ್ತೋಯ್ತು ಕಣೇ" ಎಂದ ಅವನು, ಕಣ್ಣು ಬಿಡದೆ. "ಇಲ್ಲಿಂದಾಚೆ ಎಲ್ಲಾ ಮರ್ತೋಗೈತೆ."

ಆ ದನಿಯಲ್ಲಿದ್ದ ಹೆದರಿಕೆ ನಾನು ಅವನಲ್ಲಿ ಎಂದೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೆದರುವ ಕೆಲಸ ಯಾವಾಗಲೂ ನನ್ನದು, ಅಮ್ಮನದು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಮಾತು ಬರಲಿಲ್ಲ, ಬಂದದ್ದು ರಾಗ. ಅವನು ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ, ಜಗ್ಗಬೇಕಾದಲ್ಲಿ ಜಗ್ಗಿ, ನಡುಗಬೇಕಾದಲ್ಲಿ ನಡುಗಿ, ನನ್ನ ಒಡಕು ಗಂಟಲಿನಲ್ಲಿ ಒಂದು ಸಾಲು ಗುನುಗಿದೆ. ಅಣ್ಣ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಬೆರಳು ತಂತಿಯನ್ನು ಹುಡುಕಿಕೊಂಡು ಹೋಯಿತು, ನಾನು ಗುನುಗಿದ್ದನ್ನು ಬಾರಿಸಿತು.

"ಆಮೇಲೆ?" ಎಂದ.

ಆಮೇಲಿನದೂ ನನಗೆ ಗೊತ್ತಿತ್ತು.