ಮಡಕೆಯ ಮೇಲಿನ ತಾರೀಕು

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಮೊನ್ನೆ ಮೇಸ್ತ್ರಿ ಇಟ್ಟಿಗೆ ರಾಶಿಗೆ ಪೈಪಿನಲ್ಲಿ ನೀರು ಬಿಟ್ಟ. ಸುಟ್ಟ ಮಣ್ಣು ನೀರು ಹೀರಿಕೊಳ್ಳುವ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ತುಮಕೂರಿನ ಈ ಮನೆ ಬಿಟ್ಟು ನಮ್ಮೂರು ಕೋರದ ಜಗಲಿಗೆ ಹೋಗಿಬಿಟ್ಟೆ. ಅಲ್ಲಿ ಮೇಷ್ಟ್ರು ಕೂತಿದ್ದರು, ಕೈಯಲ್ಲಿ ಸುತ್ತಿಗೆ...

ನಿಜಕ್ಕೂ ಅವರು ಮೇಷ್ಟ್ರೇ ಅಲ್ಲ, ಊರವರು ಹಾಗೆ ಕರೆಯುತ್ತಿದ್ದರು ಅಷ್ಟೆ. ತುಮಕೂರಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರು, ಊರಲ್ಲಿ ನಮ್ಮ ಪಕ್ಕದ ಮನೆಯವರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ನಮ್ಮ ಮಕ್ಕಳ ಹಲ್ಲಿಗೆ ಕಂದು ಗೆರೆ ಬೀಳುವುದು ಅದರಿಂದಲೇ ಎಂದು ಮೊದಲು ಹೇಳಿದವರು ಅವರು. ಗುಬ್ಬಿ ರಸ್ತೆಯ ಇಟ್ಟಿಗೆ ಗೂಡಿಗೆ ಹೋಗಿ, ಯಾರಿಗೂ ಬೇಡದ ಅರೆಬೆಂದ ಇಟ್ಟಿಗೆಗಳನ್ನೇ ಆರಿಸಿ ತರುತ್ತಿದ್ದರು. ಗೂಡಿನವರು ನಗುತ್ತಿದ್ದರು. ಅದನ್ನು ಕುಟ್ಟಿ, ಏಳೆಂಟು ನೀರಿನಲ್ಲಿ ತೊಳೆದು, ತಳಕ್ಕೆ ತೂತು ಮಾಡಿದ ಮಡಕೆಗೆ ತುಂಬುವುದು. ಮೇಲೆ ಸುರಿದ ನೀರಿನ ಫ್ಲೋರೈಡನ್ನು ಆ ಚೂರುಗಳು ಹಿಡಿದಿಟ್ಟುಕೊಂಡು, ಕೆಳಗಿನ ಕೊಡಕ್ಕೆ ಒಳ್ಳೆಯ ನೀರು ಬಿಡುತ್ತಿದ್ದವು.

ನನ್ನ ಹಲ್ಲು ಆಗಲೇ ಕೆಟ್ಟಿತ್ತು. ತಂಗಿಗಿನ್ನೂ ಹಾಲುಹಲ್ಲು, ಮೂರು ವರ್ಷ. ಮೊದಲ ಸಲ ಮಡಕೆ ತುಂಬಿದ ದಿನ ಮೇಷ್ಟ್ರು ನನ್ನನ್ನು ಹತ್ತಿರ ಕರೆದರು.

"ನಿಂದಂತೂ ಆಯ್ತು ಬುಡು. ಮಗೂದಾದ್ರೂ ಉಳಿಸ್ಕೋಬೋದು. ಮೂರು ತಿಂಗ್ಳಿಗೊಂದ್ಸಲ ಚೂರು ಬದ್ಲಾಯಿಸ್ಬೇಕು. ಮಣ್ಣಿಗೂ ಹೊಟ್ಟೆ ತುಂಬ್ತದೆ ಕಣೋ."

ತುಂಬಿದ ತಾರೀಕನ್ನು ಇದ್ದಿಲಿನಲ್ಲಿ ಮಡಕೆಯ ಮೇಲೆ ಬರೆಯುತ್ತಿದ್ದರು. ನಮ್ಮ ಮನೆ ಮೆಟ್ಟಿಲು ಹತ್ತಿದರೆ ಮೊದಲ ಮಾತೇ "ಯಾವತ್ತು ತುಂಬಿದ್ದು?" ಊಟ, ಕ್ಷೇಮಸಮಾಚಾರ ಎಲ್ಲ ಆಮೇಲೆ.

ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರು ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಹಿಂದಿನ ವಾರವಷ್ಟೇ ನಮ್ಮ ಮಡಕೆ ತುಂಬಿದ್ದರು. ಅಮ್ಮ ಅದಕ್ಕೆ ವಿಭೂತಿ ಬಳಿದು ಕುಂಕುಮ ಇಟ್ಟಳು, ಸರಿಯಾಗಿ ತಾರೀಕಿನ ಮೇಲೆಯೇ. ಮೂರು ತಿಂಗಳು ಕಳೆದು ನಾನು ಮಡಕೆ ಎತ್ತಲು ಹೋದರೆ ಕೈ ಹಿಡಿದಳು.

"ಪುಣ್ಯಾತ್ಮರು ಕೈಯಾರೆ ತುಂಬಿಟ್ಟೋಗವ್ರೆ. ಚೆಲ್ಬ್ಯಾಡ ಕಣೋ."

ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ತಿಳಿಸಿ ಹೇಳಬಹುದಿತ್ತು, ಹಟ ಹಿಡಿಯಬಹುದಿತ್ತು. ಆದರೆ ಇನ್ನು ನನ್ನ ಪಾಲಿಗೆ ಬರಬೇಕಿದ್ದ ಇಟ್ಟಿಗೆ ಕುಟ್ಟುವ ಕೆಲಸ ತಪ್ಪಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೊಟ್ಟೆ ತುಂಬಿದ ಆ ಮಣ್ಣು, ದಿನಾ ಹೂವು ಮುಡಿದುಕೊಂಡು, ನಾಲ್ಕು ವರ್ಷ ಬೋರ್‌ವೆಲ್ ನೀರನ್ನು ಇದ್ದ ಹಾಗೇ ಕೆಳಗಿಳಿಸಿತು. ತಂಗಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು... ಕಂದು ಗೆರೆ ಸಮೇತ.

ಈಗ ಅವಳು ಕುಣಿಗಲ್‌ನಲ್ಲಿ ಟೀಚರ್. ನಗು ಬಂದರೆ ಮಕ್ಕಳ ಮುಂದೆಯೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಮೊನ್ನೆ ಆ ವಾಸನೆ ಬಂದ ಮೇಲೆ ತಡೆಯಲಾರದೆ ಅವಳಿಗೆ ಫೋನ್ ಮಾಡಿ ಮೇಷ್ಟ್ರ ಮಾತು ತೆಗೆದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಇದ್ದೆ. ಅಷ್ಟರಲ್ಲಿ ಅವಳೇ ಅಂದಳು.

"ಪಾಪ ಕಣಣ್ಣ, ಅಷ್ಟೊಂದು ಒದ್ದಾಡಿದ್ರು. ಅವ್ರ ಮಡಕೆ ಕೆಲ್ಸಾನೇ ಮಾಡ್ಲಿಲ್ಲ ಅಲ್ವಾ?"

ನಾನು ಹೂಂ ಅಂದೆ.

ಫೋನ್ ಇಟ್ಟು ಹೊರಗೆ ಬಂದೆ. ಮೇಸ್ತ್ರಿ ಹೊರಟುಹೋಗಿದ್ದ. ನೆಂದ ಇಟ್ಟಿಗೆ ರಾಶಿಯ ಹತ್ತಿರ ಯಾರೂ ಇರಲಿಲ್ಲ. ಆದರೂ ಅಲ್ಲಿಂದ ಯಾರೋ ಕೇಳಿದಂತಾಯಿತು, ಯಾವತ್ತು ತುಂಬಿದ್ದು ಅಂತ.