ಮೊರಿಸ್ ಪೊರ್ಬುಗಳೂ ಅಂಡಮಾನಿನ ಬಾವನೂ

ದೇರೆಬೈಲಿನ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿರುವ ಮೊರಿಸ್ ಪೊರ್ಬುಗಳು ಮಾತಿಗೆ ನಿಂತರೆ, ಕೇಳುವವನ ಕೈಯಲ್ಲಿರುವ ಹಾಲಿನ ಪ್ಯಾಕೆಟ್ ಮೊಸರಾಗಬೇಕು. ಕುವೈತಿಗೆ ಹೋಗುವ ಮೊದಲು ಅವರು ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೊದವರು, ಅಂದರೆ ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ದೂರದೂರದವರ ಜೊತೆ ಮಾತಾಡುವ ಹವ್ಯಾಸದವರು. ಉಳ್ಳಾಲದಿಂದ ಹೋಗಿ ಅಂಡಮಾನಿನಲ್ಲಿ ಮರದ ವ್ಯಾಪಾರಕ್ಕೆ ನಿಂತಿದ್ದ ಅಹ್ಮದ್ ಬಾವ ಅವರಿಗೆ ರೇಡಿಯೊದಲ್ಲೇ ಸಿಕ್ಕಿದ ಸ್ನೇಹಿತ. ಇಬ್ಬರೂ ಮುಖ ನೋಡಿಕೊಂಡವರಲ್ಲ. ಆದರೆ ಒಬ್ಬರ ಮನೆಯ ಮೀನು ಸಾರಿಗೆ ಹುಳಿ ಎಷ್ಟು ಎನ್ನುವುದು ಇನ್ನೊಬ್ಬರಿಗೆ ಗೊತ್ತಿತ್ತು. ಮೊರಿಸ್ ಗಲ್ಫಿಗೆ ಹೋದ ಮೇಲೆ ಸೆಟ್ಟು ಮೂಲೆ ಸೇರಿತು, ಬಾವನಿಗೆ ಬರೆದ ಕಾಗದ ವಿಳಾಸ ಸಿಗದೆ ವಾಪಸು ಬಂತು.

ಕಳೆದ ವರ್ಷ ರಿಟೈರಾಗಿ ಬಂದವರಿಗೆ ಹಳೇ ಕ್ಲಬ್ಬಿನವರೊಬ್ಬರು ಹೇಳಿದರು: ಬಾವ ಇದ್ದಾನೆ, ಈಗ ಸಂಜೆ ಹೊತ್ತು ಉಪಗ್ರಹದ ಮೂಲಕ ಮಾತಾಡುತ್ತಾನೆ. ಅಷ್ಟು ಸಾಕಾಯಿತು. ಲೈಸೆನ್ಸ್ ಹೊಸದಾಯಿತು. ಸಂಜೆಯಾದರೆ ಟೆರೇಸಿನ ಮೇಲೆ, ಒಂದು ಕೈಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ಇನ್ನೊಂದರಲ್ಲಿ ವಾಕಿಟಾಕಿ. ಉಪಗ್ರಹ ಎಲ್ಲಿದೆ ಎಂದು ಮೊಬೈಲ್ ನೋಡಿ ಹೇಳಲು ಮೂರನೇ ಕೈ ಬೇಕಲ್ಲ, ಆ ಗ್ರಹಚಾರ ನನಗೆ ಅಂಟಿತು.

ಉಪಗ್ರಹವೋ ಹತ್ತೇ ನಿಮಿಷದಲ್ಲಿ ಆಕಾಶ ದಾಟುತ್ತದೆ. ಅಷ್ಟರಲ್ಲಿ ಅರ್ಧ ಏಷ್ಯಾದವರು ಒಂದೇ ಚಾನೆಲಿಗೆ ಮುಗಿಬೀಳುತ್ತಾರೆ, ಸಂಜೆಯ ನಂತೂರು ಸರ್ಕಲಿನ ಟ್ರಾಫಿಕ್ಕೇ. ಹಾಗಾಗಿ ಅಲ್ಲಿನ ರೂಢಿಯೆಂದರೆ ಕಾಲ್‌ಸೈನ್ ಎಂಬ ನಿಮ್ಮ ಗುರುತಿನ ಅಕ್ಷರ, ನಿಮ್ಮ ಊರಿನ ಕೋಡು, ದನಿ ಎಷ್ಟು ಸ್ಪಷ್ಟ ಎಂದು ಸಿಗ್ನಲ್‌ಗೆ ಮಾರ್ಕು, ಕೊನೆಗೆ 'ಸೆವೆಂಟಿ ತ್ರೀ' ಎಂಬ ನಮಸ್ಕಾರ, ಅಷ್ಟೇ. ಮೊದಲ ದಿನ ಯಾರೋ ಒಬ್ಬ ಉತ್ತರಿಸಿದ್ದೇ ತಡ, ಮೊರಿಸ್ ಅವನ ಊರಿನ ಮಳೆ ವಿಚಾರಿಸತೊಡಗಿದರು. ಮೂರು ದೇಶದವರು ಸೇರಿ ಉಗಿದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಈ ಮನುಷ್ಯ ಹಟ ಹಿಡಿದು ಅದನ್ನೂ ಸುಟ್ಟರು. ಸ್ನಾನ ಮಾಡುವಾಗ, ತರಕಾರಿ ಹೆಚ್ಚುವಾಗ ಒಂದೇ ಉಸಿರಿಗೆ ಕೋಡು ಹೇಳುವ ಅಭ್ಯಾಸ. "ನಾನು ಮದುವೆಯಾದಂದಿನಿಂದ ಹೇಳಿ ಸೋತೆ, ಆ ಡಬ್ಬಿ ಬಾಯಿ ಮುಚ್ಚಿಸಿತು ನೋಡಿ" ಎಂದು ಹೆಂಡತಿ ಆನ್ಸಿ ನಕ್ಕರು.

ನನಗೆ ನಗು ಬರಲಿಲ್ಲ. ಒಂದು ಸಂಜೆ ಬ್ಯಾಟರಿ ಕೈಕೊಟ್ಟಿತು, ಮತ್ತೊಂದು ಸಂಜೆ ಟಿ.ವಿ. ಕೆಡುತ್ತದೆಂದು ಕೆಳಗಿನವರು ಜಗಳಕ್ಕೆ ಬಂದರು. ಬಾವನ ದನಿ ಎರಡು ಸಲ ಕೇಳಿಸಿಯೂ ಬೇರೆಯವರ ಗದ್ದಲದಲ್ಲಿ ಮುಳುಗಿತು. ನನ್ನ ತಾಳ್ಮೆ ತಪ್ಪಿತು.

"ಪೊರ್ಬುಗಳೇ, ಫೋನ್ ನಂಬರ್ ಹುಡುಕಿದ್ರೆ ಆಗುದಿಲ್ವಾ?"

"ಕ್ಲಬ್ಬಿನಲ್ಲಿ ಯಾರತ್ರವೂ ಇಲ್ಲ ಮಾರಾಯ. ಇಲ್ಲೇ ಸಿಗ್ಬೇಕು ಅವ. ನೀನು ಮೊಬೈಲ್ ನೋಡು."

ಮೊನ್ನೆ ಶುಕ್ರವಾರ ಚಾನೆಲ್ ಒಂದು ಕ್ಷಣ ಖಾಲಿಯಾಯಿತು. ಮೊರಿಸ್ ತಮ್ಮ ಹಳೇ ಕಾಲ್‌ಸೈನ್ ಹೇಳಿದರು. ಆ ಕಡೆಯಿಂದ ಒಡಕು ದನಿ, ನಮ್ಮದೇ ಕನ್ನಡ: "ಮೊರಿಸಾ? ನಮ್ಮ ಮೊರಿಸಾ? ಬದುಕಿದ್ದೀಯಾ ಮಾರಾಯ! ಹೇಗಿದ್ದೀ?"

ನಾನು ಮೊಬೈಲ್ ನೋಡುವುದನ್ನೇ ಮರೆತೆ. ಮೊರಿಸ್ ಬಟನ್ ಒತ್ತಿ ಒಂದೇ ಉಸಿರಿಗೆ ಹೇಳಿದರು:

"ಎಂ ಕೆ ಸೆವೆನ್ ಟು, ಫೈವ್ ನೈನ್, ಥ್ಯಾಂಕ್ಯೂ, ಸೆವೆಂಟಿ ತ್ರೀ."

ಬಟನ್ ಬಿಟ್ಟರು. ಬಾಯಿಪಾಠ ಒಪ್ಪಿಸಿಬಿಟ್ಟೆನೆಂದು ಆಮೇಲೆ ಅವರಿಗೇ ಗೊತ್ತಾಯಿತು. "ಬಾವಾ, ಬಾವಾ" ಎಂದು ಮತ್ತೆ ಒತ್ತಿದರು. ಅಷ್ಟರಲ್ಲಿ ಇನ್ಯಾರೋ ನುಗ್ಗಿ ತಮ್ಮ ಕೋಡು ಹೇಳುತ್ತಿದ್ದರು. ಉಪಗ್ರಹ ಕದ್ರಿ ಗುಡ್ಡದ ಕಡೆ ಇಳಿಯಿತು, ಉಳಿದದ್ದು ಬರೀ ಗೊರಗೊರ ಸದ್ದು.

ಬಟ್ಟೆ ತೆಗೆಯಲು ಟೆರೇಸಿಗೆ ಬಂದ ಆನ್ಸಿ ಕೇಳಿದರು, "ಸಿಕ್ಕಿದ್ರಾ? ಎಂತ ಹೇಳಿದ್ರು?"

"ಹೇಗಿದ್ದೀ ಅಂತ ಕೇಳಿದ."

"ನೀವೆಂತ ಹೇಳಿದ್ರಿ?"

ಮೊರಿಸ್ ಆಂಟೆನಾದ ಕಡ್ಡಿಗಳನ್ನು ಬಿಚ್ಚತೊಡಗಿದರು. ಅವರ ಮುಖ ನೋಡಲಾಗದೆ ನಾನೇ ಬಾಯಿ ಹಾಕಿದೆ, "ನಾಳೆಯೂ ಬರ್ತದಲ್ಲ ಪೊರ್ಬುಗಳೇ, ನಾಳೆ ಸರಿಯಾಗಿ ಮಾತಾಡಿ."

"ಉಪಗ್ರಹ ಬರ್ತದೆ. ಯಾರೋ ಗುರುತಿಲ್ಲದವನಿಗೆ ಹೇಳಿದ ಹಾಗೆ ಹೇಳಿ ಮುಗಿಸಿದೆನಲ್ಲ, ಇನ್ನು ಅವ ಹೇಗಿದ್ದೀ ಅಂತ ಕೇಳ್ಬೇಕಲ್ಲ ಮಾರಾಯ" ಎಂದರು.