ಹಗೂರ ಎಣ್ಣಿ

ಕುಸುಬಿ ಎಣ್ಣೆಯ ಗಾಣ ನಡೆಸುತ್ತಲೇ ನಾನು ಮುದುಕನಾದೆ. ಎಣ್ಣೆಯಲ್ಲಿ ಒಂದು ಹನಿ ಬೆರಕೆ ಮಾಡಿದವನಲ್ಲ. ಮಾತಿನಲ್ಲಿ ಮಾತ್ರ ಒಮ್ಮೆ ಮಾಡಿದ್ದೇನೆ. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನನ್ನದೊಂದು ಹಳೆಯ ಪೆಟ್ರೋಲ್ ಕಾರು. ಆಳಂದದಲ್ಲಿ ಅದರ ನಾಡಿ ಬಲ್ಲವರು ಒಬ್ಬರೇ, ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಉಸ್ತಾದರು. ಅವರ ಮನೆಯ ಅಡುಗೆಗೆ ನಮ್ಮ ಗಾಣದ ಎಣ್ಣೆ, ನಮ್ಮ ಕಾರಿಗೆ ಅವರ ಕೈ. ಎರಡು ವರ್ಷದ ಹಿಂದೆ ಕಾರಿನ ಇಂಜಿನ್ ಟಿಕ್‌ಟಿಕ್ ಎನ್ನತೊಡಗಿತು. ಉಸ್ತಾದರು ಬಾನೆಟ್ಟಿಗೆ ಕಿವಿಗೊಟ್ಟು ಕೇಳಿ, ಮೇಲಿನ ವಾಲ್ವುಗಳು ಒಣಗಿವೆ, ಕಾರ್ಬುರೇಟರಿನ ಬಾಯಿಂದ ಸ್ವಲ್ಪ ಎಣ್ಣೆ ಕುಡಿಸಿದರೆ ಸುಮ್ಮನಾಗುತ್ತದೆ ಎಂದರು. ಅದಕ್ಕೆಂದೇ ಇರುವ ಎಣ್ಣೆಯ ಸಣ್ಣ ಬಾಟಲಿಯೊಂದನ್ನು ಡಿಕ್ಕಿಯಲ್ಲಿಟ್ಟು, ಜೇವರ್ಗಿಯಲ್ಲಿ ತಂಗಿಯ ಮಗಳ ಮದುವೆ ಮುಗಿಸಿ ಬಂದು ಮಾಡುತ್ತೇನೆ ಎಂದು ಹೊರಟರು. ಅವರು ಬಾಟಲಿ ಇಟ್ಟದ್ದು ನನಗೆ ಗೊತ್ತಿರಲಿಲ್ಲ.

ನನಗೆ ಕಾಯುವ ಗುಣವಿಲ್ಲ. ಮರುದಿನ ಬೆಳಿಗ್ಗೆಯೇ ಫೋನ್ ಹಚ್ಚಿದೆ. ಮದುವೆಯ ಬ್ಯಾಂಡಿನ ನಡುವೆ ಉಸ್ತಾದರು ಕೂಗಿ ಕೂಗಿ ಹೇಳಿದರು: ಫಿಲ್ಟರಿನ ಮುಚ್ಚಳ ತೆಗೆಯಬೇಕು, ಇಂಜಿನ್ ಬಿಸಿಯಾಗಬೇಕು, ಒಬ್ಬರು ಎಕ್ಸಲೇಟರ್ ಒತ್ತಿ ಹಿಡಿದಿರಬೇಕು. ಬಾಟಲಿಯ ಸುದ್ದಿಯನ್ನು ಬ್ಯಾಂಡು ನುಂಗಿತು. ಕೊನೆಯ ಮಾತೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಎಣ್ಣಿ ಹಗೂರ ಹಾಕ್ರಿ, ಸಾವ್ಕಾರ್ರ. ಹಗೂರ."

ನಮ್ಮ ಕಡೆ ಹಗೂರ ಎಂದರೆ ನಿಧಾನ ಎಂದೂ ಹೌದು, ಭಾರವಿಲ್ಲದ್ದು ಎಂದೂ ಹೌದು. ಹಗುರವಾದ ಎಣ್ಣೆ ಹಾಕಿ ಎಂದು ನಾನು ತಿಳಿದೆ. ಜೀವನವಿಡೀ ಗಿರಾಕಿಗಳಿಗೆ ನಾನು ಹೇಳಿಕೊಂಡು ಬಂದದ್ದಾದರೂ ಏನು? ಕುಸುಬಿಯಷ್ಟು ಹಗುರ ಎಣ್ಣೆ ಇನ್ನೊಂದಿಲ್ಲ, ಎದೆಗೂ ಹಗುರ, ಹೊಟ್ಟೆಗೂ ಹಗುರ. ಇಂಜಿನ್ನಿಗೂ ಒಂದು ಎದೆ ಇದೆಯಲ್ಲ.

ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ಎಕ್ಸಲೇಟರ್ ಒತ್ತಲು ಹೇಳಿದೆ. ಆಕೆ ಹೊಲಿಗೆ ಯಂತ್ರ ತುಳಿದಂತೆ ತುಳಿದಳು. ನಾನು ತಂಬಿಗೆಯಿಂದ ಎಣ್ಣೆ ಹೊಯ್ದೆ. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಎದ್ದು ಓಣಿ ತುಂಬಿತು, ಜೊತೆಗೆ ಘಮಘಮ ವಾಸನೆ. ಎದುರು ಮನೆಯ ಮುದುಕಿ ಹೊಸ್ತಿಲಿಗೆ ಬಂದಳು.

"ಯಾರ್ ಬಂದಾರಬೇ? ಭಜಿ ಕರಿಯಾಕತ್ತೀರೇನು?"

"ಯಾರೂ ಬಂದಿಲ್ಲಬೇ," ಎಂದಳು ನನ್ನಾಕೆ, ಕಾಲು ತೆಗೆಯದೆ. "ನಮ್ಮ ಮನಿಯವ್ರು ಕಾರಿಗಿ ಒಗ್ಗರಣಿ ಹಾಕ್ಯಾರ."

ಟಿಕ್‌ಟಿಕ್ ನಿಂತಿತು. ನಾನು ಮೀಸೆ ತಿರುವಿದೆ. ಬಾಣಲೆಯ ಅಂಚಿನಲ್ಲಿ ಉಳಿದ ಕುಸುಬಿ ಎಣ್ಣೆ ನಾಲ್ಕು ದಿನಕ್ಕೆ ಅಂಟಾಗುತ್ತದೆ ಎಂಬುದು ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಗಾಣದವನಿಗೆ ನೆನಪಾಗಲಿಲ್ಲ.

ವಾರ ಬಿಟ್ಟು ಅಫಜಲಪುರಕ್ಕೆ ಬೀಗರ ಮನೆಗೆ ಹೊರಟೆ. ಊರು ಕಾಣುತ್ತಿದ್ದಂತೆ ಕಾರು ಕೆಮ್ಮಿ ನಿಂತಿತು. ಬೀಗರು, ಎಂದರೆ ಮಗಳ ಮಾವ, ಕಬ್ಬಿನ ಟ್ರ್ಯಾಕ್ಟರ್ ತಂದು ಎಳೆದೊಯ್ದರು. ಅವರ ಎರಡು ಜೀಪುಗಳ ಇಂಜಿನ್ ಬಿಚ್ಚಿ ಕಟ್ಟುವ ಕೆಲಸವನ್ನು ನನ್ನ ಮಾತಿನ ಮೇಲೆಯೇ ನಮ್ಮ ಉಸ್ತಾದರಿಗೆ ಕೊಡುವುದೆಂದು ಠರಾಯಿಸಿದ್ದರು. ಹಗ್ಗ ಬಿಚ್ಚುತ್ತ ಕೇಳಿದರು.

"ಬೀಗರ, ಇದಕ್ಕ ಕಡೀಕ ಕೈ ಹಚ್ಚಿದವ್ರು ಯಾರು?"

ಬೀಗರ ಎದುರು, ಸೊಸೆಯಂದಿರೆಲ್ಲ ಬಾಗಿಲಲ್ಲಿ ನಿಂತಿರುವಾಗ, ಗಾಣದ ಎಣ್ಣೆ ಹೊಯ್ದೆ ಎನ್ನಲು ನಾಲಿಗೆ ಏಳಲಿಲ್ಲ.

"ನಮ್ಮ ಉಸ್ತಾದರು," ಎಂದೆ.

ಉಸ್ತಾದರು ಹಚ್ಚಿದ್ದು ಕೈಯಲ್ಲ, ಕಿವಿ. ಜೀಪುಗಳು ಬೇರೆ ಗ್ಯಾರೇಜಿಗೆ ಹೋದವು.

ಉಸ್ತಾದರು ಕಾರನ್ನು ಆಳಂದಕ್ಕೆ ತರಿಸಿ ಇಂಜಿನ್ ಬಿಚ್ಚಿದರು. ವಾಲ್ವಿನ ಮೇಲಿದ್ದ ಹೊಂಬಣ್ಣದ ಅಂಟನ್ನು ಉಗುರಿನಿಂದ ಕೆರೆದು ಮೂಸಿದರು. ಡಿಕ್ಕಿ ತೆಗೆದು ನೋಡಿದರು, ಬಾಟಲಿಯ ಸೀಲು ಒಡೆದಿರಲಿಲ್ಲ. ಅದನ್ನು ಇದ್ದಲ್ಲಿಯೇ ಇಟ್ಟು ಮುಚ್ಚಿದರು. ನಾನು ಆಕಾಶ ನೋಡುತ್ತ ಮಳೆಯ ಮಾತು ತೆಗೆದೆ. ಆಮೇಲೆ ಚಹಾದ ಅಂಗಡಿಯಲ್ಲಿ, ಉಸ್ತಾದರ ಕೈ ಕೆಟ್ಟಿತಂತೆ ಎಂದು ಜನ ಆಡಿಕೊಳ್ಳುವಾಗಲೂ ಅವರು ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ. ಅಲ್ಲಿಯೇ ಕೂತು ಚಹಾ ಕುಡಿದೆ.

ಹೋದ ತಿಂಗಳು ಗಾಣಕ್ಕೆ ಎಣ್ಣೆಗೆ ಬಂದ ಉಸ್ತಾದರ ಹೆಂಡತಿ, ಈಗೀಗ ಮನೆಯವರು ಬರೀ ಪಂಕ್ಚರ್ ತಿದ್ದುತ್ತಾರೆ ಎಂದು ಸಹಜವಾಗಿ ಹೇಳಿ ಡಬ್ಬಿ ತುಂಬಿಸಿಕೊಂಡು ಹೋದಳು. ಆ ಸಂಜೆಯೇ ಗ್ಯಾರೇಜಿಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದೆ. ಉಸ್ತಾದರು ಟ್ಯೂಬ್ ನೀರಿನಲ್ಲಿ ಅದ್ದುತ್ತಲೇ ಇದ್ದರು.

"ಆವತ್ತೇ ಗೊತ್ತಾಗಿತ್ರಿ. ನಮ್ಮ ಮನಿ ಬಾಣಲಿ ವಾಸನಿ ನನಗ ತಿಳ್ಯಂಗಿಲ್ಲೇನು?"

"ಮತ್ಯಾಕ ಹೇಳ್ಲಿಲ್ರಿ?"

"ಕುಸುಬಿ ಎಣ್ಣಿ ಕಬ್ಬಿಣಾನೇ ಹಿಡದು ನಿಲ್ಲಸ್ತು ಅಂತ ಊರಾಗ ಹಬ್ಬಿದ್ರ, ಹೊಟ್ಟಿಗಿ ಹಾಕ್ಕೊಳ್ಳಾಕ ನಿಮ್ಮ ಗಾಣಕ್ಕ ಯಾರ್ ಬರ್ತಿದ್ರು?"

ನಾನು ಅವರ ಹೆಸರು ಮಾರಿಕೊಂಡಿದ್ದೆ, ಅವರು ನನ್ನ ಎಣ್ಣೆಯ ಹೆಸರು ಕಾಯ್ದಿದ್ದರು.

ಮರುದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಫಜಲಪುರಕ್ಕೆ ಹೋದೆ. ಅದೇ ಅಂಗಳದಲ್ಲಿ, ಅದೇ ಸೊಸೆಯಂದಿರ ಎದುರಿನಲ್ಲಿ ಹೇಳಿದೆ. ಒಳಗಿನಿಂದ ಮಗಳು ಕಿಸಕ್ಕೆಂದದ್ದು ಕೇಳಿಸಿತು. ಬೀಗರು ಎದ್ದು ಒಳಗೆ ಹೋದರು. ಆಮೇಲೆ, ಮತ್ತೆ ಕೆಟ್ಟು ಕೂತಿದ್ದ ಜೀಪಿನ ಚಾವಿ ತಂದು ಉಸ್ತಾದರ ಕೈಯಲ್ಲಿಟ್ಟರು. ನನಗೆ ಮಾತ್ರ ಒಂದು ಮಾತು ಹೇಳಿದರು.

"ನೀವು ದೂರ ನಿಂದರ್ರಿ, ಬೀಗರ. ಕೈಯಾಗ ತಂಬಿಗಿ ಇದ್ರ ಕೆಳಗಿಡ್ರಿ."